ಓಲೆಗರಿಗೆ ಸವರಿದ ಎಣ್ಣೆ



ಮರವಂತೆಯ ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಕೆಂಪು ವಸ್ತ್ರದಲ್ಲಿ ಸುತ್ತಿದ ಓಲೆಗರಿಯ ಕಟ್ಟೊಂದಿತ್ತು. ನವರಾತ್ರಿಯಲ್ಲಿ ಅಜ್ಜಯ್ಯ ಅದನ್ನು ಕೆಳಗಿಳಿಸಿ, ಎಣ್ಣೆ ಸವರಿ ಪೂಜೆಗಿಡುತ್ತಿದ್ದರು. ಲಿಪಿ ತುಳು, ಓದಬಲ್ಲವರು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಅಜ್ಜಯ್ಯನ ಕಾಲಾನಂತರ ಗರಿಗಳು ಕಪ್ಪಾಗಿ ಪುಡಿಯಾಗತೊಡಗಿದವು. ಹಿರಿಯರ ಮಾತಿನಂತೆ ಒಂದು ದಿನ ನಾನೇ ಅದನ್ನು ಸೌಪರ್ಣಿಕೆಗೆ ಬಿಟ್ಟು ಬಂದೆ. ಅದು ಯಾವ ಗ್ರಂಥವಾಗಿತ್ತೋ, ಇಂದಿಗೂ ತಿಳಿಯದು.

ಉಡುಪಿಯ ಪಲಿಮಾರು ಮಠದ ಓಲೆಗರಿಗಳ ಕಥೆಯನ್ನು ಓದಿದಾಗಲೆಲ್ಲ ಆ ದಿನ ಕಣ್ಮುಂದೆ ಬರುತ್ತದೆ. ಆಚಾರ್ಯ ಮಧ್ವರ ಕೃತಿಗಳನ್ನು ಅವರ ಶಿಷ್ಯರಾದ ಹೃಷೀಕೇಶ ತೀರ್ಥರು ತುಳು ಲಿಪಿಯಲ್ಲಿ ಬರೆದಿಟ್ಟರು. ಆ ಪ್ರತಿಯನ್ನು ಮಠವು ಸುಮಾರು 700 ವರ್ಷ ಕಾಪಾಡಿಕೊಂಡು ಬಂದಿತು. ಅದನ್ನು ಆಧರಿಸಿ ಬನ್ನಂಜೆ ಗೋವಿಂದಾಚಾರ್ಯರು (1936–2020) ಸರ್ವಮೂಲ ಗ್ರಂಥಗಳನ್ನು ಐದು ಸಂಪುಟಗಳಲ್ಲಿ ಸಂಪಾದಿಸಿದರು. ಹಾಗೆ ಪಾಠವೇನೋ ಉಳಿಯಿತು. ಆದರೆ ಮೂಲದ ಗರಿಗಳು?

ಆ ಚಿಂತೆಯನ್ನು ಹೊತ್ತು 2005ರ ಡಿಸೆಂಬರಿನಲ್ಲಿ ಅಮೆರಿಕದ ರಾಚೆಸ್ಟರ್ ತಂತ್ರಜ್ಞಾನ ಸಂಸ್ಥೆಯ ಪಿ. ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್, ಅವರೊಂದಿಗೆ ಕೀತ್ ನಾಕ್ಸ್ ಉಡುಪಿಗೆ ಬಂದರು. ಕ್ರೈಸ್ತ ಪ್ರಾರ್ಥನಾ ಪುಸ್ತಕವೊಂದರ ಅಕ್ಷರಗಳಡಿಯಲ್ಲಿ ಅಳಿಸಿಹೋಗಿದ್ದ ಆರ್ಕಿಮಿಡೀಸನ ಬರಹವನ್ನು ಮತ್ತೆ ಕಾಣುವಂತೆ ಮಾಡುವ ಕಾರ್ಯದಲ್ಲಿ ಈಸ್ಟನ್ ಮತ್ತು ನಾಕ್ಸ್ ಪಳಗಿದವರು. ಇಲ್ಲಿ ಅವರೆದುರಿಗಿದ್ದದ್ದು ಮರದ ಪಟ್ಟಿಗಳ ನಡುವೆ ದಾರ ಪೋಣಿಸಿ ಕಟ್ಟಿದ್ದ 340 ಗರಿಗಳು. ಅಂಚು ಮುರಿದಿತ್ತು. ಕಾಪಾಡಲೆಂದು ಹಿಂದೆ ಯಾರೋ ಭಕ್ತಿಯಿಂದ ಸವರಿದ ಎಣ್ಣೆಯೇ ಗರಿಯನ್ನು ಕಡುಕಂದಾಗಿಸಿ ಅಕ್ಷರಗಳನ್ನು ಮರೆಮಾಡಿತ್ತು!

2006ರ ಜೂನಿನಲ್ಲಿ ತಂಡವು ಮತ್ತೆ ಬಂದು ಆರು ದಿನ ಛಾಯಾಚಿತ್ರ ತೆಗೆಯಿತು. ಉಪಾಯ ಸರಳ. ಅವಕೆಂಪು ಬೆಳಕಿನಲ್ಲಿ ಕಂದು ಬಣ್ಣದ ಗರಿ ತಿಳಿಯಾಗಿ ಕಾಣುತ್ತದೆ. ಕಂಟದಿಂದ ಕೊರೆದ ಗೆರೆಗಳಲ್ಲಿ ಕುಳಿತ ಮಸಿ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಪ್ರತಿ ಗರಿಯ ಎರಡೂ ಬದಿಗಳನ್ನು ಎಂಟರಿಂದ ಹತ್ತು ತುಣುಕುಗಳಲ್ಲಿ ಚಿತ್ರಿಸಿ, ಕಂಪ್ಯೂಟರಿನಲ್ಲಿ ಜೋಡಿಸಿದರು. ಒಟ್ಟು ಚಿತ್ರಗಳು ಸುಮಾರು 7,900. ಮುಂದಿನ ತಲೆಮಾರುಗಳಿಗಾಗಿ ಅವನ್ನು ಸಿಲಿಕಾನ್ ಬಿಲ್ಲೆಗಳ ಮೇಲೆ ಕೊರೆದಿಡುವ ಯೋಜನೆಯನ್ನೂ ಹಾಕಿಕೊಂಡರು.

ಅಜ್ಜಯ್ಯನ ಎಣ್ಣೆಯೂ ಭಕ್ತಿಯದೇ. ನಾನು ಹೊಳೆಗೆ ಬಿಟ್ಟದ್ದೂ ಭಕ್ತಿಯಿಂದಲೇ. ಆದರೆ ಗ್ರಂಥಕ್ಕೆ ಭಕ್ತಿಯೊಂದೇ ಸಾಲದು, ಬಲ್ಲವರ ಕೈಯೂ ಬೇಕು. ನಿಮ್ಮ ಮನೆಯ ಅಟ್ಟದಲ್ಲಿ ಅಂಥ ಕಟ್ಟೇನಾದರೂ ಇದ್ದರೆ ಎಣ್ಣೆ ಹಚ್ಚಬೇಡಿ, ನೀರಿಗೆ ಬಿಡಬೇಡಿ. ಮೊದಲು ಗರಿಗರಿಯ ಚಿತ್ರ ತೆಗೆದಿಡಿ. ಆ ಲಿಪಿ ಬಲ್ಲವರಿಗೆ ತೋರಿಸಿ. ನಿಮ್ಮ ಮೇಷ್ಟ್ರು ಮಾಡಿದ ತಪ್ಪನ್ನು ನೀವು ಮಾಡದಿರಿ.