ಗೃಹಶೋಧನೆಯ ಪೂರ್ವೋತ್ತರ

ಮಹಾಭಾರತದ ಆದಿಪರ್ವದಲ್ಲಿ ಬರುವ ಮಾಂಡವ್ಯ ಮಹರ್ಷಿಯ ಉಪಾಖ್ಯಾನವನ್ನು ವಾಚಕರಲ್ಲನೇಕರು ಬಲ್ಲರು. ಮಹರ್ಷಿಯು ಮೌನವ್ರತವನ್ನು ಕೈಕೊಂಡು, ಆಶ್ರಮದ ಬಾಗಿಲಲ್ಲಿ ಮರದ ಬುಡದಲ್ಲಿ ತಪಸ್ಸಿಗೆ ನಿಂತಿದ್ದನು. ರಾಜಭಟರು ಬೆನ್ನಟ್ಟಿದ ಕಳ್ಳರು ಓಡಿ ಬಂದು, ಕದ್ದ ಒಡವೆಗಳನ್ನು ಆ ಆಶ್ರಮದಲ್ಲಿಯೇ ಬಚ್ಚಿಟ್ಟು ತಾವೂ ಅಲ್ಲಿಯೇ ಅಡಗಿದರು. ಭಟರು ಬಂದು ಕೇಳಿದರು, ಋಷಿಯು ಉತ್ತರವೀಯಲಿಲ್ಲ. ಆಶ್ರಮವನ್ನು ಶೋಧಿಸಿದರು, ಕಳ್ಳರೂ ಸಿಕ್ಕಿದರು, ಒಡವೆಯೂ ಸಿಕ್ಕಿತು. ಅಷ್ಟರಿಂದಲೇ ಋಷಿಯೂ ಕಳ್ಳನೆನಿಸಿ ಶೂಲವನ್ನೇರಬೇಕಾಯಿತು. ನಮ್ಮ ಪೌರಾಣಿಕರು ಇಲ್ಲಿಂದ ಯಮನಿಗೆ ಕೊಟ್ಟ ಶಾಪಕ್ಕೂ ವಿದುರನ ಜನನಕ್ಕೂ ಬೇಗನೆ ಸಾಗಿಬಿಡುವರು. ಆದರೆ ನಮ್ಮ ಶಾಸ್ತ್ರಕಾರರ ಮನಸ್ಸು ನಿಂತುದು ಶೋಧನೆಯು ನಡೆದ ಆ ಗಳಿಗೆಯಲ್ಲಿ.

ಕೌಟಿಲ್ಯನು ಅರ್ಥಶಾಸ್ತ್ರದ ಕಂಟಕಶೋಧನಾಧಿಕರಣದಲ್ಲಿ ಈ ಅಣಿಮಾಂಡವ್ಯನನ್ನೇ ಉದಾಹರಿಸಿ, ಕಳ್ಳನಲ್ಲದವನೂ ಕಳ್ಳಮಾಲಿನ ಬಳಿ ಇದ್ದ ಮಾತ್ರಕ್ಕೆ ಹಿಡಿಯಲ್ಪಡಬಹುದು, ಹಿಂಸೆಗೆ ಹೆದರಿ ತಪ್ಪೊಪ್ಪಿಕೊಳ್ಳಲೂ ಬಹುದು, ಆದಕಾರಣ ಪ್ರಮಾಣಗಳೆಲ್ಲ ಪೂರ್ತಿಯಾದ ಮೇಲೆಯೇ ದಂಡಿಸತಕ್ಕದ್ದು ಎಂದು ವಿಧಿಸಿರುವನು. (ಈ ಗ್ರಂಥವು ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ರುದ್ರಪಟ್ಟಣದ ಶಾಮಾಶಾಸ್ತ್ರಿಗಳ ಕಣ್ಣಿಗೆ ಬಿದ್ದು 1909ರಲ್ಲಿ ಅಚ್ಚಾಯಿತೆಂಬುದನ್ನು ಸ್ಮರಿಸಿಕೊಳ್ಳುವುದು ನಮಗೆ ಯಾವಾಗಲೂ ಸಂತೋಷದ ವಿಷಯವೇ.) ನಾರದಸ್ಮೃತಿಯೂ ಮಾಂಡವ್ಯನ ಹೆಸರನ್ನು ಹೇಳುತ್ತದೆ. ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನಂತೂ ಮಿತಾಕ್ಷರೆಯಲ್ಲಿ ಇನ್ನೂ ಸ್ಪಷ್ಟವಾಗಿ ನುಡಿದಿರುವನು: ಕದ್ದ ಮಾಲು, ಹೆಜ್ಜೆಯ ಗುರುತು ಮೊದಲಾದ ಲಿಂಗಗಳನ್ನು ಕಂಡೊಡನೆ ಕಳವನ್ನು ನಿರ್ಣಯಿಸಲಾಗದು, ಮತ್ತೊಬ್ಬನ ಕೈಯಿಂದ ಜಾರಿದ್ದೋ, ಕಳ್ಳನೇ ಎಸೆದುಹೋದದ್ದೋ ಆಗಿರಬಹುದಾದ್ದರಿಂದ ಯತ್ನಪೂರ್ವಕ ಪರೀಕ್ಷಿಸಬೇಕು. ವಸ್ತುವು ಮನೆಯಲ್ಲಿ ಸಿಕ್ಕಿತೆಂಬುದು ಒಂದು ಮಾತು, ಅದು ಆ ಮನೆಗೆ ಹೇಗೆ ಬಂದಿತೆಂಬುದು ಬೇರೊಂದು ಮಾತು. ಶೋಧನೆಯ ಚರಿತ್ರೆಯನ್ನೋದುವವನು ಈ ಭೇದವನ್ನು ಮರೆಯಲಾಗದು.

ಮೇಲಿನ ವಚನಗಳು ನಿರ್ಣಯಕಾಲದ ಎಚ್ಚರಿಕೆಗಳು. ಹುಡುಕುವವನನ್ನೇ ಕಟ್ಟಿಹಾಕುವ ವಿಧಿಗಳಿಗೆ ವಿಚಿತ್ರವಾದ ಉದಾಹರಣೆಗಳು ಪಶ್ಚಿಮದಲ್ಲಿ ದೊರೆಯುತ್ತವೆ. ಯವನರ ಪ್ಲೇಟೋ ತನ್ನ ‘ಕಾನೂನುಗಳು’ ಎಂಬ ಗ್ರಂಥದಲ್ಲಿ, ಪರರ ಮನೆಯನ್ನು ಶೋಧಿಸಬಯಸುವವನು ಬತ್ತಲೆಯಾಗಿ, ಇಲ್ಲವೆ ನಡುಕಟ್ಟಿಲ್ಲದ ಒಂದೇ ಅಂಗಿಯಲ್ಲಿ ಒಳಹೊಗಬೇಕೆಂದೂ, ವಸ್ತುವು ಅಲ್ಲಿ ಸಿಕ್ಕುವುದೆಂಬ ನಿಜವಾದ ನಂಬಿಕೆ ತನಗಿದೆಯೆಂದು ಮೊದಲು ದೇವರ ಮುಂದೆ ಆಣೆಯಿಡಬೇಕೆಂದೂ ಬರೆದನು. ರೋಮಕರ ಪುರಾತನ ಪದ್ಧತಿಯೊಂದರಲ್ಲಿ ಹುಡುಕುವವನು ಸೊಂಟಕ್ಕೊಂದು ಬಟ್ಟೆಯ ತುಂಡನ್ನು ಮಾತ್ರ ಸುತ್ತಿ, ಕೈಯಲ್ಲಿ ತಟ್ಟೆಯನ್ನು ಹಿಡಿದು ಹೋಗಬೇಕಿತ್ತು. ತಟ್ಟೆಯೇಕೆ? ಎರಡು ಕೈಗಳೂ ತೊಡಗಿದ್ದರೆ ಅವನು ತಾನೇ ಏನನ್ನೂ ಮೆಲ್ಲನೆ ಹಾಕಲಾರನೆಂದು ಕೆಲವರು, ಸಿಕ್ಕಿದ್ದನ್ನು ಇಡಲೆಂದು ಕೆಲವರು. ಕ್ರಿ. ಶ. ಎರಡನೆಯ ಶತಮಾನದ ಗಾಯಸ್ ಎಂಬ ಶಾಸ್ತ್ರಜ್ಞನು, ಉಡುಪು ತೊಟ್ಟು ಬಂದವನನ್ನು ತಡೆಯುವವನು ಬತ್ತಲೆ ಬಂದವನನ್ನೂ ತಡೆದೇ ತಡೆಯುವನಷ್ಟೆ ಎಂದು ಆ ವಿಧಿಯನ್ನೆಲ್ಲ ಅಪಹಾಸ್ಯ ಮಾಡಿದನು. ಗಾಯಸನ ನಗೆ ನಮಗೂ ಬರುವಂಥದೇ. ಆದರೆ ತಟ್ಟೆಯ ಹಿಂದಿರುವ ಶಂಕೆ ನಗೆಯ ಮಾತಲ್ಲ.

ಇದುವರೆಗಿನದು ಕಳವಿನ ವಿಚಾರ. ಪ್ರಭುತ್ವವೇ ತನ್ನನ್ನು ಹಳಿದವರ ಕಾಗದಪತ್ರಗಳನ್ನು ಹುಡುಕಲು ಬಂದರೆ ಏನು ಗತಿ? ಈ ಪ್ರಶ್ನೆಯು ತೀರ್ಮಾನಕ್ಕೆ ಬಂದುದು ಇಂಗ್ಲೆಂಡಿನಲ್ಲಿ. 1762ರ ನವೆಂಬರ್ 11ರಂದು ಮಂತ್ರಿಯಾದ ಹ್ಯಾಲಿಫ್ಯಾಕ್ಸ್ ಪ್ರಭುವಿನ ವಾರಂಟನ್ನು ಹಿಡಿದು, ಕ್ಯಾರಿಂಗ್ಟನ್ ಮುಂತಾದ ರಾಜದೂತರು ಜಾನ್ ಎಂಟಿಕ್ ಎಂಬ ಲೇಖಕನ ಮನೆಯನ್ನು ನುಗ್ಗಿ, ನಾಲ್ಕು ಗಂಟೆಗಳ ಕಾಲ ಪೆಟ್ಟಿಗೆಗಳ ಬೀಗ ಮುರಿದು, ಖಾಸಗಿ ಪತ್ರಗಳನ್ನೆಲ್ಲ ಓದಿ, ಬೇಕಾದುವನ್ನು ಹೊತ್ತುಕೊಂಡು ಹೋದರು. ಎಂಟಿಕನು ದಾವಾ ಹೂಡಿದನು. ಜ್ಯೂರಿಯವರು 300 ಪೌಂಡುಗಳ ಪರಿಹಾರವನ್ನು ಗೊತ್ತುಮಾಡಿದರು; 1765ರಲ್ಲಿ ಕ್ಯಾಮ್ಡನ್ ಪ್ರಭುವು, ಇಂಥ ವಾರಂಟಿಗೆ ಕಾನೂನಿನಲ್ಲಿ ಆಧಾರವೇ ಇಲ್ಲವೆಂದೂ, ರಾಜಕಾರ್ಯಕ್ಕೆ ಅವಶ್ಯವೆಂದ ಮಾತ್ರಕ್ಕೆ ಅಕ್ರಮವು ಕ್ರಮವಾಗದೆಂದೂ ತೀರ್ಪಿತ್ತನು. ಹೆಸರನ್ನೇ ನಮೂದಿಸದೆ, ಸಿಕ್ಕವರನ್ನು ಹಿಡಿಯಬಹುದೆಂಬ ಸಾಮಾನ್ಯ ವಾರಂಟಿನಿಂದ ಪೀಡಿತನಾದ ಜಾನ್ ವಿಲ್ಕ್ಸನಿಗೆ ಅದಕ್ಕೂ ಮುಂಚೆ, 1763ರಲ್ಲಿ, ಸಾವಿರ ಪೌಂಡು ದೊರೆತಿತ್ತು. ಅಮೆರಿಕೆಯವರು ಇದೇ ತತ್ತ್ವವನ್ನು 1791ರಲ್ಲಿ ತಮ್ಮ ರಾಜ್ಯಘಟನೆಯ ನಾಲ್ಕನೆಯ ತಿದ್ದುಪಡಿಯಾಗಿ ಬರೆದುಕೊಂಡರು.

ನಮ್ಮ ದೇಶಕ್ಕೆ ದಂಡಪ್ರಕ್ರಿಯಾ ಸಂಹಿತೆಯು ಮೊದಲು 1861ರಲ್ಲಿ ಬಂದು, 1872, 1882, 1898ರಲ್ಲಿ ಹೊಸದಾಗಿ ರಚಿತವಾಯಿತು. ಸ್ವಾತಂತ್ರ್ಯಾನಂತರ 1973ರ ಸಂಹಿತೆಯೂ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಅದರ ಸ್ಥಾನಕ್ಕೆ ಬಂದುವು. ಕಲಮುಗಳ ಅಂಕೆಗಳು ಬದಲಾದರೂ ಶೋಧನೆಯ ಮೂಲರೂಪವು ಬಹುಮಟ್ಟಿಗೆ 1898ರದೇ.

ವಾರಂಟನ್ನು ಪೊಲೀಸರು ತಾವೇ ಬರೆದುಕೊಳ್ಳುವಂತಿಲ್ಲ; ನ್ಯಾಯಾಲಯವು ಕೊಡಬೇಕು. ಪತ್ರವನ್ನೋ ವಸ್ತುವನ್ನೋ ಹಾಜರುಪಡಿಸೆಂದು ಆಜ್ಞಾಪಿಸಿದರೂ ಪಡಿಸಲಾರನೆಂದು ನಂಬಲು ಕಾರಣವಿರಬೇಕು. ಇಲ್ಲವೆ ಅದು ಯಾರ ವಶದಲ್ಲಿದೆಯೆಂಬುದು ತಿಳಿದಿರಬಾರದು. ಇಲ್ಲವೆ ಸಾಮಾನ್ಯ ಶೋಧನೆಯಿಂದಲೇ ವಿಚಾರಣೆಗೆ ಅನುಕೂಲವಾಗುವಂತಿರಬೇಕು. ಮನೆಯೊಳಗೆ ಯಾವ ಭಾಗವನ್ನು ಮಾತ್ರ ನೋಡತಕ್ಕದ್ದೆಂದು ನ್ಯಾಯಾಲಯವು ಗೆರೆಯೆಳೆಯಲೂಬಹುದು. ಕಳ್ಳಮಾಲು, ಖೋಟಾ ನಾಣ್ಯ, ಕೂಡಿಹಾಕಿದ ಮನುಷ್ಯ, ಇವುಗಳಿಗೆ ಪ್ರತ್ಯೇಕ ಕಲಮುಗಳುಂಟು. ತಡಮಾಡಿದರೆ ವಸ್ತುವು ಕೈತಪ್ಪುವಂತಿದ್ದಲ್ಲಿ ತನಿಖೆಯ ಅಧಿಕಾರಿಯು ಕಾರಣಗಳನ್ನು ಬರೆದಿಟ್ಟು ವಾರಂಟಿಲ್ಲದೆಯೂ ಶೋಧಿಸಬಹುದು. ಪೊಲೀಸರು ಹೆಚ್ಚಾಗಿ ಆಶ್ರಯಿಸುವುದು ಇದನ್ನೇ.

ಬಾಗಿಲಿಗೆ ಬಂದ ಅಧಿಕಾರಿಯು ವಾರಂಟನ್ನು ತೋರಿಸಬೇಕು. ಮನೆಯವನು ದಾರಿ ಬಿಡಬೇಕು. ಬಿಡದಿದ್ದರೆ, ತಾನಾರು, ಏತಕ್ಕೆ ಬಂದೆನೆಂಬುದನ್ನು ತಿಳಿಸಿ ಪ್ರವೇಶವನ್ನು ಕೇಳಿದ ಮೇಲೆಯೇ ಬಾಗಿಲನ್ನೊಡೆಯಬಹುದು. ಹೆಂಗಸಿನ ಮೈಯನ್ನು ನೋಡಬೇಕಾದರೆ ಹೆಂಗಸೇ ಮರ್ಯಾದೆಯಿಂದ ನೋಡತಕ್ಕದ್ದು. ಶೋಧನೆಗೆ ಮುಂಚೆ ಆ ನೆರೆಯ ಇಬ್ಬರು ಅಥವಾ ಹೆಚ್ಚು ಮಂದಿ ಗಣ್ಯನಿವಾಸಿಗಳನ್ನು ಕರೆಯಬೇಕು. ಎಲ್ಲವೂ ಅವರ ಕಣ್ಣೆದುರಿಗೆ ನಡೆಯಬೇಕು. ಸಿಕ್ಕಿದ ವಸ್ತು, ಸಿಕ್ಕಿದ ಸ್ಥಳ ಇವುಗಳ ಪಟ್ಟಿಗೆ ಅವರು ರುಜು ಮಾಡಬೇಕು. ಮನೆಯವನಿಗೂ ಜೊತೆಯಲ್ಲಿರುವ ಹಕ್ಕುಂಟು.

ಈ ಇಬ್ಬರೇ ನಮ್ಮ ಪಂಚರು. ಧಾರವಾಡದ ಕಡೆಯವರು ಪಂಚನಾಮೆಯೆನ್ನುವರು. ಅರ್ಧ ಸಂಸ್ಕೃತ, ಅರ್ಧ ಪಾರಸಿ. ಮೈಸೂರಿನವರ ಮಹಜರು ಅರಬ್ಬೀ ಮೂಲದ್ದು. ಅದರ ಧಾತ್ವರ್ಥವೇ ಹಾಜರಿರುವಿಕೆ. ರೋಮಕರ ತಟ್ಟೆಯು ಮಾಡಬೇಕೆಂದಿದ್ದ ಕೆಲಸವನ್ನು ನಮ್ಮಲ್ಲಿ ನೆರೆಯವನ ಕಣ್ಣು ಮಾಡಬೇಕೆಂಬುದೇ ಇದರ ಆಶಯ. ಆದರೆ ವ್ಯವಹಾರದಲ್ಲಿ ಆಗುವುದೇನು? ಠಾಣೆಯ ಮುಂದಿನ ಹೋಟಲಿನಲ್ಲಿ ಕುಳಿತವನೊಬ್ಬ ಹತ್ತು ಮೊಕದ್ದಮೆಗಳಿಗೆ ಪಂಚನಾಗುವನು. ಬರೆದು ತಂದ ಕಾಗದಕ್ಕೆ ರುಜು ಬೀಳುವುದು. ಕೋರ್ಟಿನ ಕಟಕಟೆಯಲ್ಲಿ ಅವನು ‘ನಾನೇನೂ ನೋಡಲಿಲ್ಲ’ ಎನ್ನುವನು. ಅಕ್ಷರ ಬಲ್ಲವರೆಂದು ಹಳ್ಳಿಗಳಲ್ಲಿ ಉಪಾಧ್ಯಾಯರನ್ನು ಪಂಚರಾಗಿ ಕರೆಯುವುದುಂಟು, ನಾನೂ ಹೋಗಿರುವೆನು. ಓದದೆ ರುಜು ಹಾಕೆನೆಂದರೆ ಮುಖ ಗಂಟಿಕ್ಕಿದವರನ್ನೂ ಕಂಡಿರುವೆನು. ನೆರೆಯವನ ಮೇಲೆ ಸಾಕ್ಷಿ ಹೇಳುವ ಸಂಕೋಚವೂ, ಕೋರ್ಟಿಗೆ ಅಲೆಯುವ ಭೀತಿಯೂ ಸಭ್ಯರನ್ನು ಹಿಂದಕ್ಕೆಳೆಯುತ್ತವೆ. ಆ ಸ್ಥಾನವನ್ನು ಇತರರು ತುಂಬುತ್ತಾರೆ. ಲಿಖಿತವಾಗಿ ಕರೆದರೂ ಸಕಾರಣವಿಲ್ಲದೆ ಬಾರದಿರುವುದು ಅಪರಾಧವೆಂಬುದನ್ನು ಬಲ್ಲವರು ವಿರಳ.

ಇಷ್ಟು ಹೇಳುವುದಕ್ಕೆ ಕಾರಣವುಂಟು. ಅಮೆರಿಕೆಯಲ್ಲಿ ಅಕ್ರಮ ಶೋಧನೆಯಿಂದ ಸಿಕ್ಕ ವಸ್ತುವನ್ನು ಸಾಮಾನ್ಯವಾಗಿ ಸಾಕ್ಷ್ಯದಿಂದಲೇ ಹೊರಗಿಡುವರು. ನಮ್ಮಲ್ಲಿ ಹಾಗಲ್ಲ, 1974ರಲ್ಲಿ ವರದಿಯಾದ ಪೂರಣಮಲ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಶೋಧನೆಯಲ್ಲಿ ದೋಷವಿದ್ದ ಮಾತ್ರಕ್ಕೆ ಸಾಕ್ಷ್ಯವು ತ್ಯಾಜ್ಯವಾಗದೆಂದಿತು. ಹೀಗಿರಲು ವಸ್ತುವು ನಿಜವಾಗಿ ಅಲ್ಲಿಯೇ ಇತ್ತೇ ಎಂಬುದಕ್ಕೆ ಪಂಚರ ಮಾತೇ ಎಷ್ಟೋ ವೇಳೆ ಮನೆಯವನ ಕಡೆಯ ರಕ್ಷೆ. 1954ರಲ್ಲಿ ಎಂಟು ಮಂದಿ ನ್ಯಾಯಮೂರ್ತಿಗಳು, ಅಮೆರಿಕೆಯ ನಾಲ್ಕನೆಯ ತಿದ್ದುಪಡಿಗೆ ಸಮನಾದ ಹಕ್ಕನ್ನು ನಮ್ಮ ಸಂವಿಧಾನವು ಕೊಟ್ಟಿಲ್ಲವೆಂದು ಹೇಳಿದ್ದರು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ತಂದ ಅರ್ಜಿಯಲ್ಲಿ, 2017ರ ಆಗಸ್ಟ್ 24ರಂದು, ಒಂಬತ್ತು ಮಂದಿ ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೇ ಸರಿಯೆಂದು ತೀರ್ಪಿತ್ತು, ಅದಕ್ಕೆ ವಿರುದ್ಧವಾದಷ್ಟರ ಮಟ್ಟಿಗೆ ಹಳೆಯ ಮಾತನ್ನು ತೆಗೆದುಹಾಕಿದರು.

ಈಗಿನ ಸಂಹಿತೆಯ 105ನೆಯ ಕಲಮು, ಶೋಧನೆಯನ್ನೂ ಪಟ್ಟಿ ಬರೆಯುವುದನ್ನೂ ಸಾಕ್ಷಿಗಳು ರುಜು ಹಾಕುವುದನ್ನೂ ದೃಶ್ಯ ಮತ್ತು ಧ್ವನಿಸಹಿತವಾಗಿ ಮುದ್ರಿಸಿ, ತಡವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕೆನ್ನುತ್ತದೆ; ಮೊಬೈಲ್ ಫೋನೇ ಸಾಕು. ಯಂತ್ರದ ಕಣ್ಣು ಮರೆಯದು, ಹೆದರದು. ಆದರೆ ತೆರೆಯುವ ಮುಂಚೆ ನಡೆದುದನ್ನು ಅದು ಕಾಣದು, ತಿರುಗಿಸಿದ ಕಡೆಗಷ್ಟೇ ನೋಡುವುದು. ಆದುದರಿಂದಲೋ ಏನೋ, ಪಂಚರನ್ನು ಕರೆಯಬೇಕೆಂಬ ವಿಧಿಯು 103ನೆಯ ಕಲಮಿನಲ್ಲಿ ಹಾಗೆಯೇ ಉಳಿದಿದೆ. ಪಂಚರು ರುಜು ಹಾಕಿದ ಪಟ್ಟಿಯ ಒಂದು ನಕಲು ಮನೆಯವನಿಗೆ ಸಲ್ಲಬೇಕು.