ಐದನೆಯ ರಾಜ್ಯದ ಪ್ರಜೆಗಳು

1660ರ ಅಕ್ಟೋಬರ್ 13ರಂದು ಲಂಡನ್ನಿನ ಚಾರಿಂಗ್ ಕ್ರಾಸ್‌ನಲ್ಲಿ ಥಾಮಸ್ ಹ್ಯಾರಿಸನ್ ಎಂಬ ಸೇನಾಧಿಕಾರಿಯನ್ನು ನೇಣಿಗೇರಿಸಿ, ಹೊಟ್ಟೆ ಸೀಳಿ, ದೇಹವನ್ನು ನಾಲ್ಕು ತುಂಡು ಮಾಡಿದರು. ನೋಡಲು ನೆರೆದ ಜನರ ನಡುವೆ ಸಾಮ್ಯುಯೆಲ್ ಪೀಪ್ಸ್ ಕೂಡ ಇದ್ದ. ಅಂದಿನ ದಿನಚರಿಯಲ್ಲಿ ಅವನು ಬರೆದಿಟ್ಟ ಒಂದು ಸಂಗತಿ ನನ್ನನ್ನು ಬಹಳ ಕಾಲದಿಂದ ಕಾಡಿದೆ. ಈಗ ತನಗೆ ತೀರ್ಪು ಕೊಟ್ಟವರಿಗೆ ತೀರ್ಪು ಕೊಡಲು ತಾನು ಬೇಗನೆ ಕ್ರಿಸ್ತನ ಬಲಗಡೆ ನಿಂತು ಬರುತ್ತೇನೆ ಎಂದು ಹ್ಯಾರಿಸನ್ ಹೇಳಿದನಂತೆ. ಅವನ ಹೆಂಡತಿಯೂ ಅವನು ಮರಳಿ ಬರುವುದನ್ನೇ ಎದುರುನೋಡುತ್ತಿದ್ದಳಂತೆ. ಇಷ್ಟನ್ನು ಬರೆದ ಪೀಪ್ಸ್ ಅದೇ ದಿನ ಗೆಳೆಯರನ್ನು ಪಾನಗೃಹಕ್ಕೆ ಕರೆದೊಯ್ದು ಕಪ್ಪೆಚಿಪ್ಪು ತಿನ್ನಿಸಿದ.

ಸಾಯುವವನೊಬ್ಬ ಹತಾಶೆಯಲ್ಲಿ ಆಡಿದ ಮಾತು ಎಂದು ಇದನ್ನು ತಳ್ಳಿಹಾಕಲು ಬರುವುದಿಲ್ಲ. ಅದರ ಹಿಂದೆ ಬಹು ಹಳೆಯ ನಂಬಿಕೆಯೊಂದಿದೆ. ದಾನಿಯೇಲನ ಗ್ರಂಥದಲ್ಲಿ ಸಮುದ್ರದಿಂದ ನಾಲ್ಕು ಮೃಗಗಳು ಏಳುತ್ತವೆ. ಅವು ನಾಲ್ಕು ರಾಜ್ಯಗಳು. ಅವುಗಳ ಕಾಲ ಮುಗಿದ ಮೇಲೆ ಆಳ್ವಿಕೆ ದೇವರ ಜನರ ಕೈಗೆ ಬರುತ್ತದೆ. ಹೊಸ ಒಡಂಬಡಿಕೆಯಲ್ಲಿ ಪೌಲನು ಕೊರಿಂಥದವರಿಗೆ ಬರೆಯುತ್ತ, ಲೋಕಕ್ಕಷ್ಟೇ ಅಲ್ಲ, ದೇವದೂತರಿಗೂ ತೀರ್ಪು ಮಾಡಲಿರುವವರು ನೀವು ಎಂದು ನೆನಪಿಸುತ್ತಾನೆ. ಕನ್ನಡ ಬೈಬಲ್ಲಿನಲ್ಲಿ ಇವರಿಗೆ 'ದೇವಜನರು' ಎಂಬ ಹೆಸರಿದೆ. ಪ್ರಕಟನೆಯ ಇಪ್ಪತ್ತನೆಯ ಅಧ್ಯಾಯದಲ್ಲಂತೂ ನಂಬಿಕೆಗಾಗಿ ತಲೆ ಕಳೆದುಕೊಂಡವರು ಎದ್ದು ಬಂದು ಕ್ರಿಸ್ತನ ಜೊತೆ ಸಾವಿರ ವರ್ಷ ಆಳುತ್ತಾರೆ.

ಈ ಮಾತುಗಳನ್ನು ಮೊದಲು ಕೇಳಿಸಿಕೊಂಡವರು ಯಾರು ಎಂಬುದನ್ನು ಮರೆಯಬಾರದು. ರೋಮ್ ಸಾಮ್ರಾಜ್ಯದಲ್ಲಿ ಯಾವ ಅಧಿಕಾರವೂ ಇಲ್ಲದ, ನ್ಯಾಯಾಲಯದಲ್ಲಿ ಕಟಕಟೆಯ ಒಳಗೇ ನಿಲ್ಲಬೇಕಾಗಿದ್ದ ಸಣ್ಣ ಗುಂಪುಗಳವರು. ಅವರಿಗೆ ಇದು ದೊಡ್ಡ ಸಮಾಧಾನ. ಇನ್ನೊಂದನ್ನೂ ಗಮನಿಸಬೇಕು. ಪೌಲ ಆ ಮಾತನ್ನು ಆಡುವುದು ಯಾರ ಮೇಲೋ ಅಧಿಕಾರ ಚಲಾಯಿಸಿ ಎಂದು ಹೇಳಲು ಅಲ್ಲ. ಮುಂದೆ ಅಷ್ಟು ದೊಡ್ಡ ತೀರ್ಪು ಮಾಡಬೇಕಾದವರು ಈಗ ನಿಮ್ಮೊಳಗಿನ ಸಣ್ಣ ವ್ಯಾಜ್ಯ ಬಗೆಹರಿಸಿಕೊಳ್ಳಲಾರಿರಾ, ಅನ್ಯಾಯವನ್ನಾದರೂ ಸಹಿಸಿಕೊಳ್ಳಬಾರದೇ ಎಂದು ನಾಚಿಕೆ ಹುಟ್ಟಿಸಲು.

ಎರಡನೆಯ ಶತಮಾನದ ಇರೆನಿಯಸ್‌ನಂಥವರು ಭೂಮಿಯ ಮೇಲೆಯೇ ಆ ರಾಜ್ಯ ಬರುತ್ತದೆಂದು ನಂಬಿದ್ದರು. ಐದನೆಯ ಶತಮಾನದ ಆರಂಭದಲ್ಲಿ ಅಗಸ್ಟೀನನು 'ದೇವರ ನಗರ'ದಲ್ಲಿ ಅರ್ಥವನ್ನೇ ಬದಲಿಸಿದ: ಸಾವಿರ ವರ್ಷವೆಂದರೆ ಸಭೆಯ ಈಗಿನ ಕಾಲವೇ. ಬಹುಮಟ್ಟಿಗೆ ಈ ವ್ಯಾಖ್ಯಾನವೇ ನಿಂತಿತು. ಲೂಥರನ ಕಡೆಯವರು 1530ರ ಆಗ್ಸ್‌ಬರ್ಗ್ ಅರಿಕೆಯಲ್ಲಿ, ಪುನರುತ್ಥಾನಕ್ಕೆ ಮೊದಲೇ ಭಕ್ತರು ಲೋಕದ ರಾಜ್ಯ ಹಿಡಿಯುತ್ತಾರೆ ಎಂಬ ಬೋಧನೆಯನ್ನು ಖಂಡಿಸಿದರು.

ಆದರೂ ಆಸೆ ಸಾಯಲಿಲ್ಲ. 1649ರ ಜನವರಿಯಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಚಾರ್ಲ್ಸ್‌ನ ತಲೆ ಉರುಳಿದಾಗ, ನಾಲ್ಕನೆಯ ಮೃಗದ ಕೊನೆ ಬಂತೆಂದು ಹಲವರಿಗೆ ಅನ್ನಿಸಿತು. ಬಾಬಿಲೋನ್, ಪರ್ಶಿಯ, ಗ್ರೀಸ್, ರೋಮ್ ಆಯಿತು. ಇನ್ನು ಐದನೆಯದು ಕ್ರಿಸ್ತನ ರಾಜ್ಯ. ಅದಕ್ಕಾಗಿಯೇ ಇವರಿಗೆ 'ಐದನೆಯ ರಾಜ್ಯದವರು' ಎಂಬ ಹೆಸರು ಬಂತು. ದೊರೆಯ ಮರಣದಂಡನೆಯ ಆಜ್ಞೆಗೆ ಸಹಿ ಹಾಕಿದವರಲ್ಲಿ ಹ್ಯಾರಿಸನ್ ಒಬ್ಬ. 1653ರಲ್ಲಿ ಹಳೆಯ ಪಾರ್ಲಿಮೆಂಟನ್ನು ಕ್ರಾಮ್ವೆಲ್ ಚದುರಿಸಿದಾಗ, ಯೆಹೂದ್ಯರ ಹಳೆಯ ಹಿರಿಯರ ಸಭೆಯಂತೆ 70 ಮಂದಿ ದೈವಭಕ್ತರ ಸಭೆ ದೇಶವನ್ನು ಆಳಲಿ ಎಂದು ಅವನು ಸಲಹೆ ಮಾಡಿದ. ಕೊನೆಗೆ ಆರಿಸಿದ್ದು ಸುಮಾರು 140 ಮಂದಿಯನ್ನು. ಆ ಸಭೆ ಜುಲೈನಲ್ಲಿ ಕೂಡಿತು, ಚರ್ಚಿನ ದಶಮಾಂಶ ತೆರಿಗೆ ಇರಬೇಕೇ ಬೇಡವೇ ಎಂದು ಕಿತ್ತಾಡಿತು, ಡಿಸೆಂಬರಿನಲ್ಲಿ ಮುಗಿದುಹೋಯಿತು. ಕ್ರಾಮ್ವೆಲ್ ತಾನೇ 'ಪ್ರೊಟೆಕ್ಟರ್' ಆದ. ದೇವಜನರ ಆಳ್ವಿಕೆಗೆ ಸಿಕ್ಕಿದ್ದು ಆರು ತಿಂಗಳೂ ಇಲ್ಲ.

ಇವರನ್ನು ಓದಲು ತೊಡಗಿದಾಗ ನನಗೆ ನಗು ಬರುತ್ತಿತ್ತು. ನಗು ನಿಂತದ್ದು ಮೇರಿ ಕೇರಿ ಎಂಬಾಕೆ 1651ರಲ್ಲಿ ಪ್ರಕಟಿಸಿದ ಬರಹದ ಮುಂದೆ. ಬರಲಿರುವ ರಾಜ್ಯದಲ್ಲಿ ಏನೇನಿರುತ್ತದೆ ಎಂದು ಆಕೆ ಹೇಳುತ್ತಾಳೆ. ಎಳೆಯ ಮಕ್ಕಳು ಸಾಯುವುದಿಲ್ಲ. ಸೋಮಾರಿಗಳು ಸುಖವಾಗಿರಲೆಂದು ಬಡವರು ಹಗಲುರಾತ್ರಿ ದುಡಿಯಬೇಕಾಗಿಲ್ಲ. ಹೆತ್ತ ಮಕ್ಕಳಲ್ಲಿ ಕೆಲವರನ್ನು ಮಣ್ಣು ಮಾಡದ ಮನೆ ಅಪರೂಪವಾಗಿದ್ದ ಕಾಲವದು. ಸಿಂಹಾಸನದ ಮಾತಿನ ಅಡಿಯಲ್ಲಿದ್ದದ್ದು ಬದುಕು ಇಷ್ಟು ಕ್ರೂರವಾಗಿರಬಾರದೆಂಬ ಮೊರೆ.

ಆದರೆ ಮೊರೆ ಇಟ್ಟವರಲ್ಲಿ ಕೆಲವರು ಕಾಯಲಾರದೆ ಹೋದರು. ಥಾಮಸ್ ವೆನ್ನರ್ ವೃತ್ತಿಯಿಂದ ಮರದ ಪೀಪಾಯಿ ಮಾಡುವವನು. 1657ರಲ್ಲಿ ಕ್ರಾಮ್ವೆಲ್‌ನ ವಿರುದ್ಧ ಸಂಚು ಹೂಡಿ ಸೆರೆಮನೆ ಕಂಡಿದ್ದ. ಹ್ಯಾರಿಸನ್ ಸತ್ತು ಮೂರು ತಿಂಗಳೂ ಆಗಿರಲಿಲ್ಲ. 1661ರ ಜನವರಿ 6ರ ಭಾನುವಾರ ಕೋಲ್ಮನ್ ಬೀದಿಯ ಪ್ರಾರ್ಥನಾಗೃಹದಿಂದ ಸುಮಾರು 50 ಜನರೊಂದಿಗೆ ಆಯುಧ ಹಿಡಿದು ಹೊರಟ. ಅವರ ಘೋಷಣೆಯಲ್ಲಿ ಯೇಸುವೇ ದೊರೆ. ನಡುವೆ ಊರಾಚೆಯ ಕಾಡಿನಲ್ಲಿ ಅಡಗಿದ್ದು, 9ರಂದು ಮತ್ತೆ ಬಂದು ಬೀದಿಬೀದಿಯಲ್ಲಿ ಹೊಡೆದಾಡಿದರು. ಎರಡೂ ಕಡೆ ಹೆಣ ಬಿದ್ದವು. ಮೈತುಂಬ ಗಾಯಗೊಂಡಿದ್ದ ವೆನ್ನರನನ್ನು 19ರಂದು ಅದೇ ಬೀದಿಯಲ್ಲಿ ಕೊಂದರು.

ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ದಂಗೆಯ ನೆಪದಲ್ಲಿ ಸರ್ಕಾರ ಭಿನ್ನಮತದವರ ಕೂಟಗಳನ್ನೆಲ್ಲ ನಿಷೇಧಿಸಿತು. ವೆನ್ನರನ ಜೊತೆ ಯಾವ ಸಂಬಂಧವೂ ಇಲ್ಲದ ಸಾವಿರಾರು ಕ್ವೇಕರರು ಸೆರೆಮನೆ ಸೇರಿದರು. ಬೀದಿಯಲ್ಲಿ ತೀರ್ಪು ಕೊಡಲು ಹೊರಟವರು 50 ಮಂದಿ. ಶಿಕ್ಷೆ ಉಂಡವರು ಬೇರೆಯವರು.

ದೇವಜನರು ಆಳುತ್ತಾರೆ ಎಂಬ ನಂಬಿಕೆಯೇ ಅಪಾಯ ಎಂದು ನಾನು ಹೇಳಲಾರೆ. ತುಳಿಸಿಕೊಂಡವರಿಗೆ ಅದು ಬೆನ್ನು ನೇರ ಮಾಡಿಕೊಳ್ಳಲು ಬಲ ಕೊಟ್ಟಿದೆ. ದೇವಜನರು ಯಾರೆಂಬ ಪಟ್ಟಿಯನ್ನು ನಾವೇ ಬರೆಯತೊಡಗಿದಾಗ, ಮುಂದಿನ ಲೋಕದ ಕುರ್ಚಿಯನ್ನು ಈ ಲೋಕಕ್ಕೆ ಎಳೆದು ತಂದಾಗ, ಆ ಬಲ ಕತ್ತಿಯಾಗುತ್ತದೆ.

ಆ ಜನವರಿಯಲ್ಲೇ ಜಾರ್ಜ್ ಫಾಕ್ಸ್ ಮತ್ತು ಸಂಗಡಿಗರು ಕ್ವೇಕರರ ಪರವಾಗಿ ದೊರೆಗೆ ಒಂದು ಹೇಳಿಕೆ ಕೊಟ್ಟರು. ಈ ಲೋಕದ ರಾಜ್ಯಗಳಿಗಾಗಲಿ, ಕ್ರಿಸ್ತನ ರಾಜ್ಯಕ್ಕಾಗಲಿ ತಾವು ಆಯುಧ ಹಿಡಿಯುವುದಿಲ್ಲ ಎಂಬುದು ಅದರ ಸಾರ. ಅವರೂ ಆ ರಾಜ್ಯವನ್ನು ನಂಬಿದವರೇ. ಹೇಳಿಕೆ ಕೊಡುವಾಗ ಅವರ ಎಷ್ಟೋ ಜನ ಇನ್ನೂ ಸೆರೆಮನೆಯಲ್ಲಿದ್ದರು.