ತೊಡೆಗೆ ಬಿದ್ದ ಗದೆ, ಊರಿಗೆ ಬಿದ್ದ ಬಾಂಬು

ಮಳೆಗಾಲ ಹಿಡಿದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಗಳಲ್ಲಿ ತಾಳಮದ್ದಳೆಯ ಕೂಟಗಳು ನಡೆಯುವುದುಂಟು. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ ಮತ್ತು ಅರ್ಥಧಾರಿಗಳ ಮಾತು, ಅಷ್ಟೇ. ಪ್ರಸಂಗ ‘ಗದಾಯುದ್ಧ’ವಾದರೆ ಕೊನೆಯ ಭಾಗಕ್ಕೆ ಎಲ್ಲರೂ ಕಾದಿರುತ್ತಾರೆ. ತೀರ್ಥಯಾತ್ರೆ ಮುಗಿಸಿ ಬಂದ ಬಲರಾಮ, ತೊಡೆ ಮುರಿದು ಬಿದ್ದ ಶಿಷ್ಯನನ್ನು ಕಂಡು ನೇಗಿಲೆತ್ತುತ್ತಾನೆ. ನಾಭಿಯಿಂದ ಕೆಳಗೆ ಹೊಡೆಯಬಾರದೆಂಬುದು ಗದಾಯುದ್ಧದ ನಿಯಮ. ಭೀಮ ಹೊಡೆದ, ಕೃಷ್ಣ ಸನ್ನೆ ಮಾಡಿದ. ಇದು ಯುದ್ಧವೋ ಕೊಲೆಯೋ ಎಂದು ಅಣ್ಣ ಕೇಳುತ್ತಾನೆ. ಹದಿನೆಂಟು ದಿನಗಳಲ್ಲಿ ಹದಿನೆಂಟು ಅಕ್ಷೌಹಿಣಿ ಮುಗಿದಿದೆ, ಇವನೊಬ್ಬ ಎದ್ದು ನಿಂತರೆ ಎಲ್ಲವೂ ಮತ್ತೆ ಮೊದಲಿಂದ ಶುರುವಾಗುತ್ತದೆ ಎಂದು ತಮ್ಮ ಹೇಳುತ್ತಾನೆ. ಇವತ್ತು ಕೃಷ್ಣನಾಗಿ ಗೆದ್ದ ಅರ್ಥಧಾರಿ ಮುಂದಿನ ಕೂಟದಲ್ಲಿ ಬಲರಾಮನಾಗಿ ಅಷ್ಟೇ ಸಮರ್ಥವಾಗಿ ವಾದಿಸಬಲ್ಲ. ಸಭೆ ಇಬ್ಬರಿಗೂ ತಲೆದೂಗುತ್ತದೆ.

ಪ್ರತಿ ವರ್ಷ ಆಗಸ್ಟ್ ತಿಂಗಳು ಬಂದಾಗ ಜಗತ್ತು ಕೇಳುವ ಪ್ರಶ್ನೆಯೂ ಹೆಚ್ಚುಕಡಿಮೆ ಇದೇ. 1945ರ ಆಗಸ್ಟ್ 6ರ ಬೆಳಿಗ್ಗೆ 8.15ಕ್ಕೆ ಅಮೆರಿಕದ ವಿಮಾನವೊಂದು ಹಿರೋಶಿಮಾದ ಮೇಲೆ ಯುರೇನಿಯಂ ಬಾಂಬು ಹಾಕಿತು. ಮೂರು ದಿನಗಳ ಬಳಿಕ, 9ರಂದು 11.02ಕ್ಕೆ ನಾಗಸಾಕಿಯ ಮೇಲೆ ಪ್ಲುಟೋನಿಯಂ ಬಾಂಬು ಬಿತ್ತು. ಆ ವರ್ಷದ ಕೊನೆಯ ಹೊತ್ತಿಗೆ ಹಿರೋಶಿಮಾದಲ್ಲಿ ಸುಮಾರು 1,40,000, ನಾಗಸಾಕಿಯಲ್ಲಿ 70,000ಕ್ಕೂ ಮಿಕ್ಕಿ ಜನ ಸತ್ತಿದ್ದರೆಂದು ಅಂದಾಜು. ಆಗಸ್ಟ್ 15ರಂದು ಜಪಾನಿನ ಚಕ್ರವರ್ತಿ ರೇಡಿಯೋದಲ್ಲಿ ಶರಣಾಗತಿಯನ್ನು ಸಾರಿದ. ಯುದ್ಧ ಮುಗಿಯಿತು ನಿಜ. ಬಾಂಬಿನಿಂದಲೇ ಮುಗಿಯಿತೇ? ಮುಗಿದಿದ್ದರೂ, ಹಾಗೆ ಮುಗಿಸಿದ್ದು ಸರಿಯೇ?

ಅಮೆರಿಕದವರು ಈ ವಾದ ಮಾಡುವಾಗ ತಮ್ಮ ಸೈನಿಕರ ಜೀವದ ಲೆಕ್ಕ ಹಾಕುತ್ತಾರೆ. ಆದರೆ ಆ ಯುದ್ಧದಲ್ಲಿ ನಮ್ಮದೂ ಒಂದು ಲೆಕ್ಕವಿದೆ. ಅದನ್ನು ನೋಡದೆ ನಾವು ತೀರ್ಪು ಕೊಡಲು ಕುಳಿತುಕೊಳ್ಳುವುದು ಸರಿಯಲ್ಲ.

ಕರಾವಳಿಗೆ ಆ ಯುದ್ಧ ಬಂದದ್ದು ಅಕ್ಕಿಯ ರೂಪದಲ್ಲಿ. ದಕ್ಷಿಣ ಕನ್ನಡ ಆಗ ಮದ್ರಾಸು ಪ್ರಾಂತ್ಯಕ್ಕೆ ಸೇರಿತ್ತು. 1942ರ ಮಾರ್ಚಿನಲ್ಲಿ ರಂಗೂನು ಜಪಾನೀಯರ ವಶವಾದ ಕೂಡಲೇ ಬರ್ಮಾದಿಂದ ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಮಿಕ್ಕಿ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಏಪ್ರಿಲಿನಲ್ಲಿ ವಿಶಾಖಪಟ್ಟಣದ ಮೇಲೆ ಜಪಾನಿ ಬಾಂಬು ಬಿತ್ತು. ಜಪಾನಿನ ನೌಕಾಪಡೆ ಬಂದೇಬಿಟ್ಟಿತೆಂಬ ಸುದ್ದಿಗೆ ಮದ್ರಾಸು ಸರಕಾರ ತನ್ನ ಕಚೇರಿಗಳನ್ನೇ ಒಳನಾಡಿಗೆ ಸಾಗಿಸಿತು. ಈಗಿನ ಬ್ರಹ್ಮಾವರ ತಾಲೂಕಿನ ಪಾರಂಪಳ್ಳಿಯಿಂದ ಹೋಗಿ 1924ರಲ್ಲಿ ಬೆಂಗಳೂರಿನಲ್ಲಿ ಹೋಟೆಲು ತೆರೆದ ಮಯ್ಯ ಸಹೋದರರ ಅಡುಗೆಮನೆಗೂ ಈ ಯುದ್ಧ ನುಗ್ಗಿತು. ಇಡ್ಲಿಗೆ ಅಕ್ಕಿ ಸಿಗದಾದಾಗ ರವೆಯಲ್ಲಿ ಮಾಡಿ ನೋಡಿದ್ದೇ ರವೆ ಇಡ್ಲಿಯ ಹುಟ್ಟು ಎಂದು ಮಾವಳ್ಳಿ ಟಿಫಿನ್ ರೂಮ್ಸಿನವರು ಹೇಳುತ್ತ ಬಂದಿದ್ದಾರೆ. ಇವತ್ತು ಗೋಡಂಬಿ ಇಟ್ಟುಕೊಂಡು ಬರುವ ಆ ತಿಂಡಿ ಒಂದು ಯುದ್ಧಕಾಲದ ಅಭಾವದ ಕೂಸು.

ಬೆಂಗಳೂರಿನಲ್ಲಿ ರವೆಯಾದರೂ ಇತ್ತು. ಬಂಗಾಳದಲ್ಲಿ 1943ರ ಕ್ಷಾಮಕ್ಕೆ ಸುಮಾರು 30 ಲಕ್ಷ ಜನ ಬಲಿಯಾದರು. ಇದರ ಪಾಪವನ್ನೆಲ್ಲ ಜಪಾನಿನ ತಲೆಗೆ ಕಟ್ಟುವಂತಿಲ್ಲ. ಶತ್ರುವಿಗೆ ಸಿಗಬಾರದೆಂದು ಬಡವರ ದೋಣಿಗಳನ್ನು ಕಿತ್ತುಕೊಂಡ, ಹೊರಗಿನಿಂದ ಧಾನ್ಯ ತರಿಸಲು ಮೀನಮೇಷ ಎಣಿಸಿದ ಬ್ರಿಟಿಷ್ ಸರಕಾರದ ಪಾಲು ದೊಡ್ಡದು. ಆದರೂ ಯುದ್ಧ ಒಂದೊಂದು ತಿಂಗಳು ಮುಂದುವರಿದಂತೆ ಏಷ್ಯದಲ್ಲಿ ಸಾಯುತ್ತಿದ್ದವರು ಯಾರು ಎಂಬುದನ್ನು ಗಮನಿಸಬೇಕು. ಚೀನದಲ್ಲಿ 1937ರಿಂದ ರಕ್ತ ಹರಿಯುತ್ತಿತ್ತು. 1945ರ ಮೊದಲ ತಿಂಗಳುಗಳಲ್ಲಿ ವಿಯೆಟ್ನಾಮಿನ ಉತ್ತರ ಭಾಗದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಸಯಾಮ್–ಬರ್ಮಾ ರೈಲುದಾರಿ ಕಡಿಯಲು ಮಲಯದ ರಬ್ಬರ್ ತೋಟಗಳಿಂದ ಜಪಾನೀಯರು ಒಯ್ದ ತಮಿಳು ಕೂಲಿಗಳಲ್ಲಿ ಸಾವಿರಾರು ಮಂದಿ ಮರಳಲೇ ಇಲ್ಲ. ಅಂಡಮಾನಿನಲ್ಲಿ ಗೂಢಚಾರರೆಂಬ ಶಂಕೆಯ ಮೇಲೆ ನಮ್ಮವರನ್ನೇ ಗುಂಡಿಕ್ಕಿ ಕೊಂದರು. ಸಿಂಗಾಪುರ ಬಿದ್ದಾಗ ಸೆರೆಸಿಕ್ಕ ಭಾರತೀಯ ಸೈನಿಕರಲ್ಲಿ ಹಲವರು ನ್ಯೂಗಿನಿಯಂಥ ದೂರದ ದ್ವೀಪಗಳಲ್ಲಿ ಇನ್ನೂ ಕೈದಿಗಳಾಗಿದ್ದರು.

ಇನ್ನೊಂದು ಮಾತೂ ಇದೆ. 1945ರ ಸೆಪ್ಟೆಂಬರಿನಲ್ಲಿ ಮಲಯದ ಕರಾವಳಿಯ ಮೇಲೆ ದೊಡ್ಡ ದಾಳಿಗೆ ಸಿದ್ಧತೆ ನಡೆದಿತ್ತು. ದಡಕ್ಕಿಳಿಯಬೇಕಾಗಿದ್ದವರು ಬಹುಮಟ್ಟಿಗೆ ಭಾರತೀಯ ಸೈನಿಕರು. ಜಪಾನು ಶರಣಾದ ಮೇಲೆ, ಸೆಪ್ಟೆಂಬರ್ 9ರಂದು ಅವರು ಇಳಿದರು. ಎದುರಾಳಿ ಗುಂಡು ಹಾರಿಸಲಿಲ್ಲ, ಲಾರಿ ಟ್ಯಾಂಕುಗಳು ಕೆಸರಿನಲ್ಲಿ ಹೂತುಕೊಂಡದ್ದಷ್ಟೇ. ದಡದಲ್ಲಿ ನಿಜವಾದ ಪ್ರತಿರೋಧ ಇದ್ದಿದ್ದರೆ ಏನಾಗುತ್ತಿತ್ತು ಎಂದು ಊಹಿಸಬಹುದು. ಸೆಪ್ಟೆಂಬರ್ 12ರಂದು ಸಿಂಗಾಪುರದಲ್ಲಿ ಮೌಂಟ್‌ಬ್ಯಾಟನ್ನರ ಮುಂದೆ ಜಪಾನಿ ಸೇನಾನಿಗಳು ಶರಣಾದಾಗ ಭಾರತದ ಪರವಾಗಿ ಅಲ್ಲಿದ್ದವರು ಮಡಿಕೇರಿಯ ಬ್ರಿಗೇಡಿಯರ್ ಕೆ.ಎಸ್. ತಿಮ್ಮಯ್ಯ, ಮುಂದೆ ಸ್ವತಂತ್ರ ಭಾರತದ ಸೇನಾ ಮುಖ್ಯಸ್ಥರಾದವರು. ಅವರ ಅಣ್ಣ ಪೊನ್ನಪ್ಪ ಸುಭಾಷರ ಆಜಾದ್ ಹಿಂದ್ ಸೇನೆ ಸೇರಿದ್ದರು. ಒಂದೇ ಮನೆಯ ಇಬ್ಬರು ಆ ಯುದ್ಧದ ಎರಡು ಕಡೆಗಳಲ್ಲಿ! ಜಪಾನು ನಮ್ಮಲ್ಲಿ ಎಲ್ಲರಿಗೂ ಶತ್ರುವಾಗಿರಲಿಲ್ಲ ಎಂಬುದನ್ನೂ ಮರೆಯಬಾರದು.

ಹೀಗೆ ಕೃಷ್ಣನ ಪಕ್ಷಕ್ಕೆ ಬಲವಿದೆ. ಅಮೆರಿಕದವರು ಹೇಳಿಕೊಳ್ಳುವುದಕ್ಕಿಂತ ಹೆಚ್ಚೇ ಬಲವಿದೆ. ಆದರೆ ಬಾಂಬು ಹಾಕುವ ನಿರ್ಧಾರ ಮಾಡಿದವರ ಮೇಜಿನ ಮೇಲೆ ಈ ಏಷ್ಯದ ಲೆಕ್ಕ ಇತ್ತೆನ್ನಲು ಆಧಾರವಿಲ್ಲ. ನಮ್ಮ ಕಷ್ಟವನ್ನು ನಾವು ಈಗ ಅವರ ಪರವಾಗಿ ಹೂಡಬಹುದು. ಅವರು ಆಗ ಹೂಡಿರಲಿಲ್ಲ.

ಅವರ ಮುಂದಿದ್ದ ಲೆಕ್ಕವಾದರೂ ಯಾವುದು? ನವೆಂಬರ್ 1ರಂದು ಕ್ಯೂಷು ದ್ವೀಪದ ಮೇಲೆ ಇಳಿಯುವುದೆಂದು ನಿಶ್ಚಯವಾಗಿತ್ತು. ಓಕಿನಾವಾ ದ್ವೀಪವೊಂದನ್ನು ಗೆಲ್ಲಲು 12,000ಕ್ಕೂ ಮಿಕ್ಕಿ ಅಮೆರಿಕನ್ನರು ಸತ್ತಿದ್ದರು. ಅಲ್ಲಿನ ನಾಗರಿಕರ ಸಾವು ಅದರ ಹಲವು ಪಟ್ಟು. ಬಾಂಬು ಹಾಕದಿದ್ದರೆ ಅಮೆರಿಕದ ಪಡೆಯಲ್ಲೇ ಸಾವುನೋವು ಹತ್ತು ಲಕ್ಷ ದಾಟುತ್ತಿತ್ತೆಂದು ಯುದ್ಧಮಂತ್ರಿಯಾಗಿದ್ದ ಸ್ಟಿಮ್ಸನ್ 1947ರಲ್ಲಿ ಬರೆದರು. ಆ ಸಂಖ್ಯೆಯೇ ಜನರ ಮನಸ್ಸಿನಲ್ಲಿ ಉಳಿಯಿತು. ಆದರೆ 1945ರ ಜೂನ್ 18ರಂದು ಶ್ವೇತಭವನದಲ್ಲಿ ನಡೆದ ಸಭೆಯಲ್ಲಿ, ಮೊದಲ 30 ದಿನಗಳ ನಷ್ಟ ಫಿಲಿಪ್ಪೀನ್ಸಿನ ಲೂಜಾನಿನಲ್ಲಾದುದಕ್ಕಿಂತ, ಅಂದರೆ ಸತ್ತವರು ಗಾಯಾಳುಗಳು ಸೇರಿ ಸುಮಾರು 31,000ಕ್ಕಿಂತ ಹೆಚ್ಚಾಗಲಿಕ್ಕಿಲ್ಲ ಎಂದು ಜನರಲ್ ಮಾರ್ಷಲ್ ಹೇಳಿದ್ದರು. ಅದೂ ಸಣ್ಣ ಸಂಖ್ಯೆಯಲ್ಲ. ಕ್ಯೂಷುವಿನಲ್ಲಿ ಜಪಾನಿನ ಸೇನೆ ಆಮೇಲೆ ದಿನೇ ದಿನೇ ಹೆಚ್ಚಿತೆಂಬುದೂ ನಿಜ. ಆದರೆ ಕೆಲಸ ಮುಗಿದ ಮೇಲೆ ಲೆಕ್ಕ ಬೆಳೆಯಿತು ಎಂದರೆ ತಪ್ಪಾಗಲಾರದು. ಅಮೆರಿಕ ಸರಕಾರವೇ ನೇಮಿಸಿದ ಬಾಂಬುದಾಳಿ ಸಮೀಕ್ಷಾ ತಂಡ 1946ರಲ್ಲಿ, ಅಣುಬಾಂಬು, ರಷ್ಯದ ಪ್ರವೇಶ, ಭೂಸೇನೆಯ ದಾಳಿ ಯಾವುದೂ ಇಲ್ಲದೆಯೂ ಜಪಾನು ಡಿಸೆಂಬರ್ 31ರ ಒಳಗೆ ಶರಣಾಗುತ್ತಿತ್ತು ಎಂದು ವರದಿ ಕೊಟ್ಟಿತು. ಈ ವರದಿಯನ್ನು ಒಪ್ಪದ ಇತಿಹಾಸಕಾರರೂ ಇದ್ದಾರೆ.

ಟೋಕಿಯೋದ ಒಳಗೆ ಏನು ನಡೆಯುತ್ತಿತ್ತು? ಜಪಾನಿನ ವಿದೇಶಾಂಗ ಮಂತ್ರಿ ಟೋಗೋ ಜುಲೈ ತಿಂಗಳಿಡೀ ಮಾಸ್ಕೋ ಮೂಲಕ ಸಂಧಾನಕ್ಕೆ ದಾರಿ ಹುಡುಕುತ್ತಿದ್ದ. ಆ ಸಂಕೇತ ತಂತಿಗಳನ್ನು ಅಮೆರಿಕ ಓದುತ್ತಲೇ ಇತ್ತು. ಚಕ್ರವರ್ತಿಯ ಪೀಠ ಉಳಿಯುತ್ತದೆಂಬ ಒಂದು ಮಾತಿಗೆ ಜಪಾನು ಕಾಯುತ್ತಿತ್ತು. ಜುಲೈ 26ರ ಪಾಟ್ಸ್‌ಡಾಂ ಘೋಷಣೆಯಲ್ಲಿ ಆ ಮಾತು ಇರಲಿಲ್ಲ. (ಬಾಂಬು ಹಾಕಿದ ಮೇಲೆ ಪೀಠವನ್ನು ಉಳಿಸಿಯೇ ಕೊಟ್ಟರೆಂಬುದು ವಿಚಿತ್ರ.) ಇತ್ತ ಜಪಾನಿನ ಸೇನಾ ಮುಖಂಡರೂ ಸಾಧುಗಳೇನಲ್ಲ. ಆಗಸ್ಟ್ 9ರಂದು ಆರು ಮಂದಿಯ ಯುದ್ಧಮಂಡಲಿ ಸಭೆ ಸೇರಿದಾಗ ಹಿರೋಶಿಮಾ ಬೂದಿಯಾಗಿ ಮೂರು ದಿನವಾಗಿತ್ತು, ರಷ್ಯ ಯುದ್ಧ ಸಾರಿ ಮಂಚೂರಿಯದೊಳಗೆ ನುಗ್ಗಿತ್ತು. ಆದರೂ ಅವರಲ್ಲಿ ಮೂವರು, ನಮ್ಮ ನೆಲಕ್ಕೆ ಶತ್ರು ಕಾಲಿಡಬಾರದು, ನಮ್ಮವರ ವಿಚಾರಣೆ ನಾವೇ ಮಾಡುತ್ತೇವೆ ಎಂದು ಹಟ ಹಿಡಿದರು. ಮೂರಕ್ಕೆ ಮೂರು. ಸಭೆ ನಡೆಯುತ್ತಿರುವಾಗಲೇ ನಾಗಸಾಕಿಯ ಸುದ್ದಿ ಬಂತು. ಆಮೇಲೂ ಮೂರಕ್ಕೆ ಮೂರೇ. ಆ ರಾತ್ರಿ ಚಕ್ರವರ್ತಿಯೇ ಮಾತಾಡಬೇಕಾಯಿತು. ಆಗಸ್ಟ್ 15ರ ಭಾಷಣದಲ್ಲಿ ಆತ ಕ್ರೂರವಾದ ಹೊಸ ಬಾಂಬನ್ನು ಹೆಸರಿಸಿದ. ಎರಡು ದಿನಗಳ ನಂತರ ತನ್ನ ಸೈನಿಕರಿಗೆ ಹೊರಡಿಸಿದ ಆದೇಶದಲ್ಲಿ ಬಾಂಬಿನ ಮಾತೇ ಇಲ್ಲ, ರಷ್ಯದ ಪ್ರವೇಶವೇ ಕಾರಣ. ಇದರಲ್ಲಿ ಯಾವುದು ನಿಜವಾದ ಕಾರಣ ಎಂದು ಪಂಡಿತರು ಇಂದಿಗೂ ಕಿತ್ತಾಡುತ್ತಾರೆ. ಎರಡೂ ಇರಬಹುದು.

ಈಗ ಬಲರಾಮನ ಪ್ರಶ್ನೆಗೆ ಬರೋಣ. ಭೀಮ ನಿಯಮ ಮುರಿದದ್ದು ಗದೆ ಹಿಡಿದು ಎದುರಿಗೆ ನಿಂತ ವೀರನ ಮೇಲೆ. ದುರ್ಯೋಧನನ ಊರಿನ ಹೆಂಗಸರು ಮಕ್ಕಳ ತೊಡೆ ಮುರಿದು ಅವನನ್ನು ಸೋಲಿಸಲಿಲ್ಲ. ಹಿರೋಶಿಮಾದಲ್ಲಿ ಸೇನಾ ಕೇಂದ್ರ ಇತ್ತು, ನಿಜ. ಆದರೆ ಆ ಊರು ಪಟ್ಟಿಗೆ ಸೇರಿದ್ದು ಸೇನೆಯ ಕಾರಣಕ್ಕೆ ಮಾತ್ರವಲ್ಲ; ಅದುವರೆಗೆ ಬಾಂಬು ಬೀಳದೆ ಇಡಿಯಾಗಿ ಉಳಿದಿದ್ದ ಊರಾದರೆ ಹೊಸ ಅಸ್ತ್ರದ ಪರಿಣಾಮ ಸ್ಪಷ್ಟವಾಗಿ ಕಾಣುತ್ತದೆಂಬುದೂ ಒಂದು ಕಾರಣ. ಕ್ಯೋಟೋ ನಗರವನ್ನು ಸ್ಟಿಮ್ಸನ್ ಹಟ ಹಿಡಿದು ಪಟ್ಟಿಯಿಂದ ತೆಗೆಸಿದರು. ಅವರು ಆ ಊರನ್ನು ಹಿಂದೆ ನೋಡಿದ್ದವರು. ಒಬ್ಬ ಮಂತ್ರಿ ನೋಡಿದ್ದ ಊರು ಉಳಿಯಿತು, ನೋಡದ ಊರು ಸುಟ್ಟಿತು. ಗುರಿ ಸೈನಿಕರೇ ಹೊರತು ಹೆಂಗಸರು ಮಕ್ಕಳಲ್ಲ ಎಂದು ಅಧ್ಯಕ್ಷ ಟ್ರೂಮನ್ ಜುಲೈ 25ರ ದಿನಚರಿಯಲ್ಲಿ ಬರೆದುಕೊಂಡಿದ್ದಾರೆ. ತಾನು ಏನನ್ನು ಒಪ್ಪಿದ್ದೇನೆಂಬುದೇ ಅವರಿಗೆ ಪೂರ್ತಿ ತಿಳಿದಿತ್ತೇ ಎಂಬ ಅನುಮಾನ ಇದನ್ನು ಓದಿದಾಗ ಹುಟ್ಟುತ್ತದೆ.

ಅದೇ ದಿನ, ಜುಲೈ 25ರಂದು, ವಾಯುಪಡೆಗೆ ಹೋದ ಆದೇಶ ಒಂದೇ ಒಂದು. ಆಗಸ್ಟ್ 3ರ ನಂತರ ಹವೆ ನೋಡಿ ಮೊದಲ ಬಾಂಬು ಹಾಕಿ. ಮುಂದಿನವು ಸಿದ್ಧವಾದಂತೆಲ್ಲ ಹಾಕುತ್ತ ಹೋಗಿ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ನಿಂತು ಯೋಚಿಸಲು ಅದರಲ್ಲಿ ಜಾಗವೇ ಇರಲಿಲ್ಲ. ಎರಡನೆಯದು ಆಗಸ್ಟ್ 11ಕ್ಕೆ ಎಂದಿತ್ತು. ಹವೆ ಕೆಡುವ ಮುನ್ಸೂಚನೆ ಬಂದುದರಿಂದ 9ಕ್ಕೆ ಹಿಂದೂಡಿದರು. ವಿಮಾನ ಹೋದದ್ದು ಕೊಕುರಾ ನಗರಕ್ಕೆ. ಅಲ್ಲಿ ಮೋಡ, ಹೊಗೆ ಕವಿದು ಗುರಿ ಕಾಣದೆ ನಾಗಸಾಕಿಗೆ ತಿರುಗಿತು. ಬಾಂಬು ಬಿದ್ದದ್ದು ಶತಮಾನಗಳ ಹಿಂಸೆ ಸಹಿಸಿ ಉಳಿದ ಕ್ಯಾಥೊಲಿಕರು ಇದ್ದ ಉರಕಾಮಿ ಕಣಿವೆಯಲ್ಲಿ. ಮರುದಿನವೇ ಟ್ರೂಮನ್, ತನ್ನ ಅಪ್ಪಣೆಯಿಲ್ಲದೆ ಇನ್ನೊಂದು ಬಾಂಬು ಹಾಕಬಾರದೆಂದು ತಡೆದರು. ಇನ್ನೊಂದು ಲಕ್ಷ ಜನರನ್ನು, ಅಷ್ಟು ಮಕ್ಕಳನ್ನು ಕೊಲ್ಲುವ ಯೋಚನೆಯೇ ಭಯಂಕರವೆಂದು ಮಂತ್ರಿಮಂಡಲದಲ್ಲಿ ಹೇಳಿದರೆಂದು ಮಂತ್ರಿಯೊಬ್ಬರ ದಿನಚರಿಯಲ್ಲಿದೆ. ಈ ತಡೆ ಒಂದು ದಿನ ಮೊದಲು ಬಂದಿದ್ದರೆ?

ಹಿರೋಶಿಮಾದ ವಿಷಯದಲ್ಲಿ ನಾನು ಬಲರಾಮನ ಕಡೆಗೆ ವಾಲುತ್ತೇನೆ, ಆದರೆ ಕೃಷ್ಣನ ಮಾತಿಗೆ ಉತ್ತರ ನನ್ನಲ್ಲಿ ಪೂರ್ತಿಯಾಗಿಲ್ಲ. ಮಲಯದ ಕೂಲಿಯೂ ವಿಯೆಟ್ನಾಮಿನ ರೈತನೂ ನಡುವೆ ಬಂದು ನಿಲ್ಲುತ್ತಾರೆ. ನಾಗಸಾಕಿಯ ವಿಷಯದಲ್ಲಿ ನನಗೆ ಆ ಗೊಂದಲವಿಲ್ಲ. ಮೊದಲ ಪೆಟ್ಟಿನ ಸುದ್ದಿ ಸರಿಯಾಗಿ ತಲುಪಿ, ರಷ್ಯದ ಪ್ರವೇಶದ ಅರ್ಥ ಎದುರಾಳಿಗೆ ಆಗುವ ಮೊದಲೇ, ಮೋಡದ ಮರ್ಜಿಯಿಂದ ಆಯ್ಕೆಯಾದ ಊರೊಂದನ್ನು ಸುಟ್ಟದ್ದಕ್ಕೆ ಯುದ್ಧ ಮುಗಿಸುವ ನೆಪ ಸಾಲದು. ಇಲ್ಲಿ ಕಾಣುವುದು ಗದಾಪರ್ವವಲ್ಲ, ಅದರ ಮುಂದಿನ ಸೌಪ್ತಿಕಪರ್ವ. ಯುದ್ಧ ಮುಗಿಯುತ್ತ ಬಂದಿರುವಾಗ ಅಶ್ವತ್ಥಾಮ ಬಿಟ್ಟ ಅಸ್ತ್ರ ಉತ್ತರೆಯ ಗರ್ಭದ ಕಡೆಗೆ ಹೋಯಿತಲ್ಲ! ಬಾಂಬು ಬಿದ್ದ ಎರಡೂ ಊರುಗಳಲ್ಲಿ ಆಗ ತಾಯ ಹೊಟ್ಟೆಯಲ್ಲಿದ್ದು, ಆಮೇಲೆ ಸಣ್ಣ ತಲೆ, ಬೆಳೆಯದ ಬುದ್ಧಿಯೊಂದಿಗೆ ಹುಟ್ಟಿದ ಮಕ್ಕಳನ್ನು ವೈದ್ಯರು ದಾಖಲಿಸಿದ್ದಾರೆ.

ಯುದ್ಧ ಮುಗಿದ ಮೇಲೆ, 1946ರಲ್ಲಿ, ಜಪಾನಿನಲ್ಲಿ ಕಾವಲಿಗೆ ಹೋದ ಕಾಮನ್‌ವೆಲ್ತ್ ಪಡೆಗಳಲ್ಲಿ ಭಾರತದ್ದೂ ಒಂದು ಬ್ರಿಗೇಡು ಇತ್ತು. ಅದರ ನಾಯಕರಾಗಿ ಹೋದವರೂ ತಿಮ್ಮಯ್ಯನವರೇ. ಬೆಳಗಾವಿಯಲ್ಲಿ ತರಬೇತಿ ಕೇಂದ್ರವುಳ್ಳ ಮರಾಠಾ ರೆಜಿಮೆಂಟಿನ ಒಂದು ಬೆಟಾಲಿಯನ್ ಅದರಲ್ಲಿತ್ತು. ಕಾಮನ್‌ವೆಲ್ತ್ ಪಡೆಗಳ ಮುಖ್ಯ ಬಂದರು ಕೂರೆ. ಅಲ್ಲಿಂದ ಹಿರೋಶಿಮಾಕ್ಕೆ ನಮ್ಮ ಬ್ರಹ್ಮಾವರದಿಂದ ಕುಂದಾಪುರಕ್ಕಿರುವಷ್ಟೇ ದೂರ.

ನ್ಯಾಯಾಲಯಗಳ ಮುಂದೆಯೂ ಈ ಪ್ರಶ್ನೆ ಬಂದಿತ್ತು. ಜಪಾನಿ ನಾಯಕರ ವಿಚಾರಣೆ ನಡೆಸಿದ ಟೋಕಿಯೋ ನ್ಯಾಯಮಂಡಲಿಯಲ್ಲಿ ಬಂಗಾಳದ ರಾಧಾಬಿನೋದ ಪಾಲರು 1948ರಲ್ಲಿ ಭಿನ್ನ ತೀರ್ಪು ಬರೆದು, ಗೆದ್ದವರ ಈ ಬಾಂಬಿನ ಲೆಕ್ಕವನ್ನು ಯಾರು ಕೇಳುವವರೆಂದು ಎತ್ತಿದರು. ಆಮೇಲೆ ಎರಡೂ ಊರುಗಳ ಐವರು ಸಂತ್ರಸ್ತರು ಪರಿಹಾರ ಕೋರಿ ಟೋಕಿಯೋದ ಜಿಲ್ಲಾ ನ್ಯಾಯಾಲಯಕ್ಕೆ ಹೋದರು. ಅವರು ದಾವೆ ಹೂಡಬೇಕಾದದ್ದು ಅಮೆರಿಕದ ಮೇಲಲ್ಲ, ತಮ್ಮದೇ ಸರಕಾರದ ಮೇಲೆ. ಏಕೆಂದರೆ ಶಾಂತಿ ಒಪ್ಪಂದದಲ್ಲಿ ಜಪಾನು ತನ್ನ ಪ್ರಜೆಗಳ ಪರವಾದ ಹಕ್ಕುಗಳನ್ನೆಲ್ಲ ಬಿಟ್ಟುಕೊಟ್ಟಿತ್ತು. 1963ರ ಡಿಸೆಂಬರ್ 7ರಂದು ತೀರ್ಪು ಬಂತು. ಎರಡೂ ಊರುಗಳ ಮೇಲಿನ ದಾಳಿ ಅಂತಾರಾಷ್ಟ್ರೀಯ ಕಾನೂನಿಗೆ ವಿರುದ್ಧ ಎಂದು ನ್ಯಾಯಾಧೀಶರು ಸ್ಪಷ್ಟವಾಗಿ ಬರೆದರು. ಪರಿಹಾರ ಕೇಳುವ ಹಕ್ಕು ಅರ್ಜಿದಾರರಿಗೆ ಇಲ್ಲ ಎಂದೂ ಅದೇ ತೀರ್ಪಿನಲ್ಲಿ ಬರೆದು ದಾವೆಯನ್ನು ವಜಾ ಮಾಡಿದರು.